ಶಕುನವೋ ಶಕುನಿಯೋ?

ನಾನು ಮೋಸ ಮಾಡಿದ ರಾತ್ರಿ ಕರೆಂಟು ಹೋಗಿತ್ತು. ಬಸವನಗುಡಿಯ ಗೆಳೆಯನ ಮನೆಯ ಮಹಡಿ ಕೋಣೆ, ಹೊರಗೆ ಮಳೆ, ಮೇಜಿನ ಮೇಲೆ ಎರಡು ಮೇಣದಬತ್ತಿ, ಸುತ್ತ ಐದು ಜನ. ನಾನು ಕಣಿ ಹೇಳುವ ಮುದುಕಿಯ ದನಿ ಮಾಡಿಕೊಂಡು ಒಂದೊಂದೇ ಎಲೆ ತಿರುಗಿಸಿ ಇಡುತ್ತಿದ್ದೆ. ಮೂರನೆಯ ಎಲೆ ಬಿದ್ದಾಗ ನಮ್ಮ ಗುಂಪಿನ ಕಿರಿಯಳು, ಆಗಷ್ಟೇ ಎಂ.ಎ.ಗೆ ಸೇರಿದ್ದವಳು, “ಅಯ್ಯಯ್ಯೋ” ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಆ ಎಲೆ ಅಲ್ಲೇ ಬರುತ್ತದೆಂದು ನನಗೆ ಹಿಂದಿನ ಗುರುವಾರವೇ ಗೊತ್ತಿತ್ತು. ಬೇಕಾದ ಐದೂ ಎಲೆಗಳನ್ನು ಆರಿಸಿ ಕಟ್ಟಿನ ಮೇಲಿಟ್ಟುಕೊಂಡು, ಕೆಳಗಿನವನ್ನಷ್ಟೇ ಕಲೆಸಿದ್ದೆ. ಇಸ್ಪೀಟು ಆಡುವ ನಮ್ಮ ಸೋದರಮಾವನಾಗಿದ್ದರೆ ಹಿಡಿದುಬಿಡುತ್ತಿದ್ದ. ಇವರು ಹಿಡಿಯಲಿಲ್ಲ, ಏಕೆಂದರೆ ಇವರು ನನ್ನ ಕೈ ನೋಡುತ್ತಿರಲಿಲ್ಲ, ಎಲೆ ನೋಡುತ್ತಿದ್ದರು.

ಈ ಆಟದ ಗಂಧ ಇಲ್ಲದವರಿಗೆ ಎರಡು ಮಾತು ಹೇಳಬೇಕು. ‘ಡಂಜನ್ಸ್ ಅಂಡ್ ಡ್ರಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ನಾಲ್ಕೈದು ಜನ ಒಂದೊಂದು ಪಾತ್ರ ವಹಿಸಿಕೊಂಡು, ಆ ಪಾತ್ರ ಏನು ಮಾಡುತ್ತದೆ, ಏನು ಹೇಳುತ್ತದೆ ಎಂದು ಬಾಯಲ್ಲೇ ಆಡುತ್ತಾರೆ. ಇನ್ನೊಬ್ಬ ಡಂಜನ್ ಮಾಸ್ಟರ್. ಉಳಿದ ಲೋಕವೆಲ್ಲ ಅವನದು: ಊರು, ಕಾಡು, ಭೂತ, ಹೋಟೆಲಿನ ಮಾಲೀಕ. ಗೆದ್ದೆವೋ ಸೋತೆವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ, ಒಂದು ವ್ಯತ್ಯಾಸ ನೆನಪಿಟ್ಟುಕೊಂಡರೆ ಸಾಕು. ತಾಳಮದ್ದಳೆಯಲ್ಲಿ ಅರ್ಥಧಾರಿಯ ಮಾತು ಅವತ್ತಿನದು, ಪ್ರಸಂಗ ಮಾತ್ರ ಹಳೆಯದು. ಕರ್ಣ ವಾದದಲ್ಲಿ ಎಷ್ಟೇ ಗೆದ್ದರೂ ಬೆಳಗಾಗುವಷ್ಟರಲ್ಲಿ ಸಾಯಲೇಬೇಕು. ಇಲ್ಲಿ ಪ್ರಸಂಗವೂ ಅವತ್ತೇ ಹುಟ್ಟಬೇಕು.

ನಾವು ಆಡುತ್ತಿದ್ದದ್ದು ‘ಕರ್ಸ್ ಆಫ್ ಸ್ಟ್ರಾಡ್’. ಪುಸ್ತಕ 2016ರದು, ಅದರ ಮೂಲ 1983ರಲ್ಲಿ ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ಬರೆದ ‘ರೇವನ್‌ಲಾಫ್ಟ್’. ಮಂಜು ಕವಿದ ಬರೋವಿಯಾ ಕಣಿವೆ, ಬೆಟ್ಟದ ಮೇಲೆ ಕೋಟೆ, ಕೋಟೆಯಲ್ಲಿ ಸ್ಟ್ರಾಡ್ ಎಂಬ ರಕ್ತಪಿಶಾಚಿ ದೊರೆ. ಇಷ್ಟನ್ನು ಡ್ರಾಕುಲಾ ಓದಿದ ಯಾರಾದರೂ ಬರೆಯಬಹುದಿತ್ತು. ಹಿಕ್‌ಮನ್ ದಂಪತಿಯ ನಿಜವಾದ ಕಾಣಿಕೆ ಕೆರೆಯಂಚಿನ ಡೇರೆಯಲ್ಲಿ ಕೂತ ಮೇಡಂ ಈವಾ ಎಂಬ ಕಣಿ ಹೇಳುವ ಮುದುಕಿ. ಪಿಶಾಚಿಯನ್ನು ಕೊಲ್ಲಲು ಬೇಕಾದ ವಸ್ತುಗಳು ಎಲ್ಲಿವೆ ಎಂದು ಪುಸ್ತಕ ಹೇಳುವುದಿಲ್ಲ, ಅವಳ ಎಲೆಗಳು ಹೇಳುತ್ತವೆ. 1983ರಲ್ಲಿ ಇದಕ್ಕೆ ಮಾಮೂಲಿ ಇಸ್ಪೀಟೆಲೆಯೇ ಸಾಕಿತ್ತು. 2016ರ ಪುಸ್ತಕ ‘ಟಾರೊಕಾ’ ಎಂಬ 54 ಎಲೆಯ ಕಟ್ಟನ್ನು ಬಳಸುತ್ತದೆ, ಅದರಲ್ಲಿ 40 ಸಾಮಾನ್ಯ ಎಲೆ, 14 ದೊಡ್ಡ ಎಲೆ. ಸಾಮಾನ್ಯದಿಂದ ಮೂರು ತೆಗೆಯಬೇಕು: ಮೊದಲನೆಯದು ಸ್ಟ್ರಾಡ್‌ನ ದಿನಚರಿ ಎಲ್ಲಿದೆ ಎಂದು, ಎರಡನೆಯದು ಪವಿತ್ರ ಲಾಂಛನ ಎಲ್ಲಿದೆ ಎಂದು, ಮೂರನೆಯದು ಸೂರ್ಯನ ಬೆಳಕಿನ ಕತ್ತಿ ಎಲ್ಲಿದೆ ಎಂದು ಹೇಳುತ್ತದೆ. ದೊಡ್ಡದರಿಂದ ಎರಡು: ನಿಮಗೆ ನೆರವಾಗುವವರು ಯಾರು, ಕೊನೆಗೆ ಸ್ಟ್ರಾಡ್ ಕೋಟೆಯ ಯಾವ ಭಾಗದಲ್ಲಿ ಎದುರಾಗುತ್ತಾನೆ. ಒಂದು ಸಂಜೆ ಲೆಕ್ಕ ಹಾಕಿ ನೋಡಿದೆ. ಆ ಐದು ಎಲೆ 1,07,88,960 ಬಗೆಯಲ್ಲಿ ಬೀಳಬಹುದು.

ಒಂದು ಕೋಟಿಗೂ ಮಿಕ್ಕಿದ ಆ ಸಾಧ್ಯತೆಗಳನ್ನು ಬದಿಗೆ ಸರಿಸಿ ನಾನು ನನಗಿಷ್ಟವಾದ ಒಂದನ್ನು ಇಟ್ಟುಕೊಂಡೆ. ಕತ್ತಿಯನ್ನು ಕೋಟೆಯ ಅಗ್ಗಿಷ್ಟಿಕೆಯ ಹಿಂದಿನ ಖಜಾನೆಯಲ್ಲಿ ಇಟ್ಟೆ, ಕೊನೆಯ ಕಾಳಗಕ್ಕೆ ಹತ್ತಿರವಾಗಲಿ ಎಂದು. ನೆರವಿಗೆ ವಾನ್ ರಿಖ್ಟೆನ್ ಎಂಬ ಮುದಿ ಪಿಶಾಚಿ ಬೇಟೆಗಾರನನ್ನು ಕೊಟ್ಟೆ, ಅವನ ದನಿ ನನಗೆ ಚೆನ್ನಾಗಿ ಬರುತ್ತದೆ ಎಂದು. ಕಥೆ ಚೆನ್ನಾಗಿರಲಿ ಎಂಬ ಸದುದ್ದೇಶ, ಅಷ್ಟೇ. ನಾನು ಬಲ್ಲ ಡಂಜನ್ ಮಾಸ್ಟರ್‌ಗಳಲ್ಲಿ ಹೆಚ್ಚಿನವರು ಹೊಸಬರಿಗೆ ಕೊಡುವ ಸಲಹೆ ಇದೇ: ಎಲೆಗಳನ್ನು ನೀವೇ ಆರಿಸಿಕೊಳ್ಳಿ, ಆಡುವವರೆದುರು ಕಲೆಸಿದಂತೆ ಮಾಡಿ, ಯಾರಿಗೂ ತಿಳಿಯುವುದಿಲ್ಲ. ಆ ಸಲಹೆ ತಪ್ಪು ಎಂದು ಹೇಳಲು ಈಗ ಕೂತಿದ್ದೇನೆ.

ಆಟ ಏಳೆಂಟು ತಿಂಗಳು ನಡೆದು ಮುಗಿಯಿತು. ಮುಗಿದ ದಿನ ಎಲ್ಲರೂ ಹತ್ತಿರದ ದರ್ಶಿನಿಗೆ ಹೋಗಿ ಕಾಫಿ ಕುಡಿಯುತ್ತಾ ನಿಂತಿದ್ದೆವು. ಮೆಚ್ಚುಗೆಯ ಮಾತು ಕೇಳಿ ಉಬ್ಬಿದ್ದ ನಾನು ಗುಟ್ಟು ಬಿಟ್ಟುಕೊಟ್ಟೆ. ಎಲೆ ಹೇಗೆ ಆರಿಸಿದೆ, ಹೇಗೆ ಇಟ್ಟೆ, ಎಲ್ಲ ಹೇಳಿದೆ. ಶಭಾಷ್ ಅನ್ನುತ್ತಾರೆ ಅಂದುಕೊಂಡಿದ್ದೆ. ಇಬ್ಬರು ಅಂದರು ಕೂಡ. ಆ ಎಂ.ಎ. ಹುಡುಗಿ ಲೋಟ ಕೆಳಗಿಟ್ಟು, “ಅಂದ್ರೆ ನನ್ನ ಕೈ ಹೋಗಿದ್ದು?” ಎಂದಳು.

ಅವಳ ಪಾತ್ರ ಕತ್ತಿವರಸೆಯ ಒಬ್ಬ ಸನ್ಯಾಸಿನಿ. ವಾನ್ ರಿಖ್ಟೆನ್ ಸಿಕ್ಕಿಬಿದ್ದಾಗ ಅವನನ್ನು ಬಿಟ್ಟು ಓಡುವ ದಾರಿ ಇತ್ತು, ಉಳಿದವರು ಓಡಿದರು. ಇವಳು, ನಾಲ್ಕನೆಯ ಎಲೆ ತೋರಿಸಿದ್ದು ಇವನನ್ನೇ, ಇವನಿಲ್ಲದೆ ಆಗುವುದಿಲ್ಲ ಎಂದು ತಿರುಗಿ ಹೋಗಿ ಅವನನ್ನು ಎಳೆದು ತಂದಳು. ಅವಳ ಪಾತ್ರದ ಬಲಗೈ ಹೋಯಿತು. ಅಲ್ಲಿಂದ ಕೊನೆಯವರೆಗೂ ಅವಳು ಎಡಗೈಯಲ್ಲೇ ಕಾದಾಡಿದಳು.

“ಎಲೆ ಬಂತಲ್ಲ ಅಂತ ಕೈ ಕೊಟ್ಟೆ. ನೀವೇ ಬಾಯಿಬಿಟ್ಟು ಕೇಳಿದ್ದಿದ್ರೆ ಕೊಡ್ತಿರ್ಲಿಲ್ಲ.”

ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ಹುಡುಕಿದ ಉತ್ತರಗಳೆಲ್ಲ ನೆಪಗಳಾಗಿ ಕಂಡವು. ಒಂದೊಂದಾಗಿ ನೋಡೋಣ.

ಮೊದಲನೆಯದು: ದಾಳದಲ್ಲೂ ಎಲ್ಲರೂ ಹೀಗೆ ಮಾಡುತ್ತಾರಲ್ಲ? ಮಾಡುತ್ತಾರೆ, ನಾನೂ ಮಾಡಿದ್ದೇನೆ. ಮೊದಲ ಸಲ ಆಡಲು ಬಂದ ಹುಡುಗನ ಪಾತ್ರ ಮೊದಲ ಅರ್ಧ ಗಂಟೆಯಲ್ಲೇ ಸಾಯುವ ಹಾಗಿದ್ದಾಗ, ಪರದೆಯ ಹಿಂದೆ ಬಿದ್ದ 19ನ್ನು 9 ಎಂದು ಹೇಳಿದ್ದೇನೆ. ಅದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ದಾಳಕ್ಕೆ ನೆನಪಿಲ್ಲ, ಈ ಎಸೆತ ಮುಗಿದರೆ ಮುಂದಿನದು ಹೊಸದು. ಪರದೆ ಇದೆ ಎಂಬುದು ಆಡುವವರಿಗೂ ಗೊತ್ತು. ಎಲೆ ಹಾಗಲ್ಲ. ಅದನ್ನು ಎಲ್ಲರ ಕಣ್ಣೆದುರು ತಿರುಗಿಸಿ ಇಡುತ್ತೇವೆ, ಅದರ ಮೇಲೆ ಚಿತ್ರ ಇರುತ್ತದೆ, ಆಡುವವರು ಮನೆಗೆ ಹೋಗುವಾಗ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗುತ್ತಾರೆ. ತಿಂಗಳುಗಟ್ಟಲೆ ಆ ಐದು ಚಿತ್ರ ಇಟ್ಟುಕೊಂಡು ಚರ್ಚೆ ನಡೆಯುತ್ತದೆ. ದಾಳದ ಸುಳ್ಳು ಒಂದು ಏಟನ್ನು ತಪ್ಪಿಸಿದರೆ, ಎಲೆಯ ಸುಳ್ಳಿನ ಮೇಲೆ ಅವರು ಇಡೀ ಆಟವನ್ನು ಕಟ್ಟುತ್ತಾ ಹೋಗುತ್ತಾರೆ.

ಎರಡನೆಯದು ಸಾಹಿತ್ಯದವರು ಹೇಳುವ ಮಾತು, ನಿಮ್ಮಲ್ಲೂ ಕೆಲವರು ಹೇಳಬಹುದು. ಕಥೆಯೊಳಗಿನ ಭವಿಷ್ಯವಾಣಿಯನ್ನು ಬರೆದವನೇ ತಾನೇ ಏರ್ಪಾಡು ಮಾಡುವುದು? ಎಂಟನೆಯ ಮಗು ನಿನ್ನನ್ನು ಕೊಲ್ಲುತ್ತದೆ ಎಂದು ಕಂಸನಿಗೆ ಅಶರೀರವಾಣಿ ಹೇಳುವಾಗ ಪುರಾಣಕಾರನಿಗೆ ಕೊನೆ ಗೊತ್ತಿರುತ್ತದೆ. ಮ್ಯಾಕ್‌ಬೆತ್‌ನ ಮಾಟಗಾತಿಯರಿಗೆ ಶೇಕ್ಸ್‌ಪಿಯರ್ ಮೊದಲೇ ಹೇಳಿಕೊಟ್ಟಿರುತ್ತಾನೆ. ಸರಿ. ಆದರೆ ಅಲ್ಲಿ ಕಂಸನ ಬಾಯಲ್ಲಿ ಮಾತಾಡುವುದೂ ಅದೇ ಕವಿ. ಹೆದರುವವನೂ ಹೆದರಿಸುವವನೂ ಒಬ್ಬನೇ ಆದ್ದರಿಂದ ಯಾರಿಗೂ ಮೋಸವಿಲ್ಲ. ಟ್ಯಾರೋ ಎಲೆಗಳನ್ನೇ ಹರಡಿ ಕಾದಂಬರಿ ಕಟ್ಟಿದ ಇಟಾಲೊ ಕಾಲ್ವಿನೊ ಇದಕ್ಕೆ ಒಳ್ಳೆಯ ಉದಾಹರಣೆ. ಅವನ ‘ದ ಕ್ಯಾಸಲ್ ಆಫ್ ಕ್ರಾಸ್ಡ್ ಡೆಸ್ಟಿನೀಸ್’ನಲ್ಲಿ ಮಾತು ಕಳೆದುಕೊಂಡ ಪ್ರಯಾಣಿಕರು ಎಲೆಗಳನ್ನು ಜೋಡಿಸಿ ತಮ್ಮ ತಮ್ಮ ಕಥೆ ಹೇಳುತ್ತಾರೆ. ಎಲೆಗಳು ತಾವಾಗಿ ಬಿದ್ದವಲ್ಲ. ಕಾಲ್ವಿನೊ ಅವನ್ನು ಮತ್ತೆ ಮತ್ತೆ ಜೋಡಿಸಿ, ಕೆಡಿಸಿ, ಆ ಗೀಳಿನಿಂದ ಬಿಡಿಸಿಕೊಳ್ಳಲಾಗದೆ ಒದ್ದಾಡಿದ್ದನ್ನು ತಾನೇ ಬರೆದುಕೊಂಡಿದ್ದಾನೆ. ಅವನಿಗೆ ಆ ಹಕ್ಕಿತ್ತು, ಮೇಜಿನ ಸುತ್ತ ಅವನೊಬ್ಬನೇ ಇದ್ದ. ಫಿಲಿಪ್ ಕೆ. ಡಿಕ್ ತದ್ವಿರುದ್ಧ. 1962ರ ‘ದ ಮ್ಯಾನ್ ಇನ್ ದ ಹೈ ಕ್ಯಾಸಲ್’ ಬರೆಯುವಾಗ ಚೀನಾದ ಐ ಚಿಂಗ್ ಶಕುನ ಗ್ರಂಥವನ್ನು ಕೇಳಿ ಕೇಳಿ ಕಥೆ ಮುಂದುವರಿಸಿದ. ನನಗೆ ಓದಲು ಕಾಲ್ವಿನೊ ಹೆಚ್ಚು ಇಷ್ಟ. ಐದು ಜನರನ್ನು ಕೂರಿಸಿಕೊಂಡು ಆಟ ನಡೆಸುವಾಗ ಅನುಸರಿಸಬೇಕಾದದ್ದು ಡಿಕ್‌ನ ದಾರಿ.

ಏಕೆಂದರೆ ಆಟದಲ್ಲಿ ಎಲೆ ಬೀಳುವವರೆಗೆ ಕತ್ತಿ ಎಲ್ಲೂ ಇಲ್ಲ. ಮುದುಕಿ ಕಂಡು ಹೇಳುತ್ತಾಳೆ ಎಂಬುದು ಬರೀ ವೇಷ. ಎಲೆ ಬಿದ್ದದ್ದರಿಂದಲೇ ಕತ್ತಿ ಅಲ್ಲಿಗೆ ಬಂತು. ಬಿದ್ದ ಮೇಲೆ ಅದನ್ನು ಅಲ್ಲಿಂದ ಕದಲಿಸುವ ಅಧಿಕಾರ ನನಗಿಲ್ಲ. ಇಡೀ ಲೋಕವನ್ನು ಮನಸ್ಸಿಗೆ ಬಂದಂತೆ ನಡೆಸುವ ಡಂಜನ್ ಮಾಸ್ಟರ್‌ನ ಕೈಯನ್ನು ಐದು ಎಲೆ ಕಟ್ಟಿಹಾಕುತ್ತವೆ, ಅದೂ ಸಾಕ್ಷಿಗಳ ಎದುರು. ಈ ಕಣಿ ಆಡುವವರ ಸ್ವಾತಂತ್ರ್ಯ ಕಸಿಯುತ್ತದೆ ಎಂದು ದೂರುವವರಿದ್ದಾರೆ. ಅವರಿಗೆ ಕಟ್ಟು ಯಾರ ಕೈಯಲ್ಲಿದೆ ಎಂದಷ್ಟೇ ಕಾಣುತ್ತದೆ, ಯಾರ ಕೈಗೆ ಹಗ್ಗ ಬಿದ್ದಿದೆ ಎಂದು ಕಾಣುವುದಿಲ್ಲ. ಎಲೆ ಬಿದ್ದ ಮೇಲೂ ಆಡುವವರು ಕತ್ತಿ ಬೇಡ ಎಂದು ಬೇರೆ ದಾರಿ ಹಿಡಿಯಬಹುದು. ನಾನು ಕತ್ತಿಯನ್ನು ಎತ್ತಿಡುವ ಹಾಗಿಲ್ಲ. ಕಟ್ಟನ್ನು ಮೊದಲೇ ಜೋಡಿಸಿದ ದಿನ ಆ ಹಗ್ಗವನ್ನು ಕಳಚಿಕೊಂಡು, ಕಟ್ಟಿಕೊಂಡವನಂತೆ ನಟಿಸಿದೆ. ಕೌರವರ ಸಭೆಯಲ್ಲಿ ದಾಳ ಉರುಳಿಸಿದವನ ಹೆಸರಿಗೂ ಶಕುನಕ್ಕೂ ಒಂದೇ ಅಕ್ಷರದ ಅಂತರ.

ಕಥೆ ಚೆನ್ನಾಗಿರಲಿ ಎಂದು ನಿರ್ಧರಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. 1995ರಲ್ಲಿ ಜೊನಾಥನ್ ಟ್ವೀಟ್ ರೂಪಿಸಿದ ‘ಎವರ್‌ವೇ’ ಎಂಬ ಆಟದಲ್ಲಿ ದಾಳವೇ ಇಲ್ಲ, ಟ್ಯಾರೋ ಮಾದರಿಯ ಒಂದು ಕಟ್ಟಿದೆ. ಫಲಿತಾಂಶ ತೀರ್ಮಾನಿಸಲು ಅಲ್ಲಿ ಮೂರು ದಾರಿ: ಪಾತ್ರದ ಬಲಾಬಲ ನೋಡುವುದು ಕರ್ಮ, ಕಥೆಗೆ ಏನು ಬೇಕೆಂದು ನೋಡುವುದು ಡ್ರಾಮಾ, ಎಲೆ ಎತ್ತುವುದು ಫಾರ್ಚೂನ್. ಯಾವ ದಾರಿ ಹಿಡಿದರೂ ಸರಿಯೇ. ಅಷ್ಟು ಸರಳ. ನಾನು ಮಾಡಿದ್ದು ಡ್ರಾಮಾ, ತೋರಿಸಿದ್ದು ಫಾರ್ಚೂನ್. ಕತ್ತಿ ಖಜಾನೆಯಲ್ಲಿದೆ, ಕಥೆಗೆ ಅದೇ ಒಳ್ಳೆಯದು ಎಂದು ಎಲೆಯೇ ಇಲ್ಲದೆ ಹೇಳಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಯಾರೂ ಕೈಯನ್ನೂ ಕೊಡುತ್ತಿರಲಿಲ್ಲ. ಎಲೆಗೆ ಸಿಗುವ ನಂಬಿಕೆಯನ್ನು ನಾನು ಪುಕ್ಕಟೆ ಬಳಸಿಕೊಂಡೆ.

ಆ ನಂಬಿಕೆ ಎಲೆಯೊಳಗಿನ ಯಾವುದೋ ಶಕ್ತಿಯ ಮೇಲಿನದು ಎಂದು ಯಾರಾದರೂ ಅಂದುಕೊಂಡರೆ ಅದನ್ನೂ ಇಲ್ಲೇ ಮುಗಿಸಿಬಿಡೋಣ. ಟ್ಯಾರೋ ಹುಟ್ಟಿದ್ದೇ ಆಟವಾಗಿ. 15ನೆಯ ಶತಮಾನದ ಉತ್ತರ ಇಟಲಿಯಲ್ಲಿ 78 ಎಲೆ ಹಿಡಿದು, ನಮ್ಮ ತುರುಫಿನಾಟದ ಹಾಗೆ ಪಟ್ಟು ಹೊಡೆಯುತ್ತಿದ್ದರು. ಫ್ರಾನ್ಸಿನಲ್ಲಿ ಇವತ್ತಿಗೂ ಆಡುತ್ತಾರೆ. ಅದು ಈಜಿಪ್ಟಿನ ಗುಪ್ತ ಜ್ಞಾನ ಎಂದು 1781ರಲ್ಲಿ ಪ್ಯಾರಿಸ್ಸಿನ ಕೂರ್ ದ ಜೆಬ್ಲಾನ್ ಬರೆದ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯನ್ ಬಿಡಿಸಿದ್ದು 1822ರಲ್ಲಿ. ಓದಲು ಬಾರದ ಲಿಪಿಯ ಜ್ಞಾನ ಇವನಿಗೆ ಹೇಗೆ ತಿಳಿಯಿತೋ. ಇದನ್ನೆಲ್ಲ ಜಾಲಾಡಿ 1980ರಲ್ಲಿ ‘ದ ಗೇಮ್ ಆಫ್ ಟ್ಯಾರೋ’ ಎಂಬ ದಪ್ಪ ಪುಸ್ತಕ ಬರೆದವರು ಆಕ್ಸ್‌ಫರ್ಡಿನ ತರ್ಕಶಾಸ್ತ್ರಜ್ಞ ಮೈಕೆಲ್ ಡಮೆಟ್, ಬೇರೆ ಯಾರೂ ಅಲ್ಲ. ನಮ್ಮ ಮೇಜಿನ ಹುಡುಗಿಯೂ ಎಲೆಗೆ ಶಕ್ತಿಯಿದೆ ಎಂದು ನಂಬಿರಲಿಲ್ಲ. ಎಲೆಗೆ ಯಾರ ಮೇಲೂ ಪಕ್ಷಪಾತವಿಲ್ಲ ಎಂದು ನಂಬಿದ್ದಳು.

ಪಕ್ಷಪಾತದ ಕಣಿ ಕೇಳಬೇಕಾದರೆ ನಮ್ಮಲ್ಲೇ ಇದೆ. ಶ್ರೀನಿವಾಸ ಕಲ್ಯಾಣದ ಕಥೆಯಲ್ಲಿ ಪದ್ಮಾವತಿಯ ಮೇಲೆ ಮನಸಾದ ಶ್ರೀನಿವಾಸ ತಾನೇ ಕೊರವಂಜಿಯ ವೇಷ ಹಾಕಿಕೊಂಡು ಅವಳ ಅರಮನೆಗೆ ಹೋಗಿ, ನಿಮ್ಮ ಮಗಳನ್ನು ಶ್ರೀನಿವಾಸನಿಗೇ ಕೊಡಿ ಎಂದು ಅವಳ ತಾಯಿಗೆ ಕಣಿ ಹೇಳುತ್ತಾನೆ. ಚಿಕ್ಕಂದಿನಲ್ಲಿ ಈ ಪ್ರಸಂಗ ಬಂದಾಗ ನಾವೆಲ್ಲ ನಗುತ್ತಿದ್ದೆವು. ಅದು ತಮಾಷೆ ಅನಿಸುವುದು ನೋಡುವವರಿಗೆ ವೇಷ ಗೊತ್ತಿರುವುದರಿಂದ. ರಾಣಿಯ ಜಾಗದಲ್ಲಿ ಕೂತು ನೋಡಿದರೆ ನಗು ಬರಲಿಕ್ಕಿಲ್ಲ. ಮೇಡಂ ಈವಾಳ ದನಿಯಲ್ಲಿ ನಾನು ಮಾಡಿದ್ದು ಅದನ್ನೇ, ಅರಮನೆಯವರಿಗೂ ವೇಷ ಕಾಣದ ಹಾಗೆ.

ಕೊರವಂಜಿಯ ಮಾತು ಬಂದ ಮೇಲೆ ಇನ್ನೊಂದನ್ನೂ ಹೇಳದೆ ಮುಂದೆ ಹೋಗಲಾರೆ. ಕಣಿ ಹೇಳುವವಳು ಅಲೆಮಾರಿಯೇ ಆಗಿರಬೇಕು, ಅವಳ ಮಾತು ಬೇಕು, ಅವಳು ಮಾತ್ರ ಊರಿನೊಳಗೆ ಬೇಡ ಎಂಬುದು ಎಲ್ಲ ಕಡೆಯ ರೂಢಿ. ಮೇಡಂ ಈವಾಳ ವಿಸ್ತಾನಿ ಜನ ಯುರೋಪಿನ ರೋಮಾ ಜನರ ಮೇಲೆ ಹೊರಿಸಿದ ಕೆಟ್ಟ ಕಲ್ಪನೆಗಳ ಮೂಟೆ: ಕುಡುಕರು, ಕಳ್ಳರು, ಶಾಪ ಹಾಕುವವರು. ಪ್ರಕಾಶಕರೇ 2020ರಲ್ಲಿ ಇದನ್ನು ಒಪ್ಪಿಕೊಂಡು ಪುಸ್ತಕವನ್ನು ತಿದ್ದಿದರು. ಕೊರವಂಜಿಯನ್ನು ಹಾಡಿ ಕುಣಿದ ನಾಡಿನಲ್ಲೇ, ಬ್ರಿಟಿಷರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮದ್ರಾಸ್ ಪ್ರಾಂತ್ಯಕ್ಕೆ ಬಂದಾಗ ಕೊರವರನ್ನು ಹುಟ್ಟುಕಳ್ಳರ ಪಟ್ಟಿಗೆ ಸೇರಿಸಲಾಯಿತು. ಈಗ ನಾನು ಆ ದೃಶ್ಯದಲ್ಲಿ ಗೊಗ್ಗರು ದನಿ ಮಾಡುವುದನ್ನು ಬಿಟ್ಟಿದ್ದೇನೆ. ಮೋಸ ಮಾಡಿದವನು ನಾನು, ಆ ದನಿ ಅವಳದು ಎಂಬುದು ಇನ್ನೂ ಕೆಟ್ಟದಾಗಿ ಕಾಣುತ್ತದೆ.

ಮೂರನೆಯ ನೆಪ: ಗೊತ್ತಾಗದಿದ್ದರೆ ಯಾರಿಗೇನು ನಷ್ಟ? ನನಗೆ ನಷ್ಟ. ಗುಟ್ಟು ಹೊರಬೀಳುವ ಎಷ್ಟೋ ಮೊದಲೇ ನಾನು ಆ ಆಟದಿಂದ ಹೊರಗಿದ್ದೆ. ಉಳಿದವರು ಎಲೆಯ ಚಿತ್ರ ಹಿಡಿದು ಅದರ ಅರ್ಥಕ್ಕೆ ತಲೆ ಕೆಡಿಸಿಕೊಳ್ಳುವಾಗ ನಾನು ಪರೀಕ್ಷಾ ಕೊಠಡಿಯ ಮೇಲ್ವಿಚಾರಕನಂತೆ ಕೂತಿದ್ದೆ. ಉತ್ತರ ಗೊತ್ತಿರುವವನಿಗೆ ಆಡಲು ಏನು ಉಳಿದಿದೆ?

ತಯಾರಿಯ ತೊಂದರೆ ಮಾತ್ರ ನೆಪವಲ್ಲ, ನಿಜ. ಕಣಿವೆ ದೊಡ್ಡದು. ಎಲೆ ಎಲ್ಲಿಗೆ ಬೇಕಾದರೂ ಕಳಿಸಬಹುದು, ಎಲ್ಲದಕ್ಕೂ ಸಿದ್ಧವಾಗಿರುವುದು ಕೆಲಸಕ್ಕೆ ಹೋಗುವವರಿಂದ ಆಗದು. ಆಟ ಶುರುವಾಗುವ ಮೊದಲೇ ಡಂಜನ್ ಮಾಸ್ಟರ್ ಎಲೆ ತೆಗೆದು ನೋಡಿಕೊಳ್ಳಲಿ ಎಂದು ಪುಸ್ತಕ ಹೇಳುವುದು ಇದಕ್ಕೇ. ಪ್ರಾಮಾಣಿಕವಾಗಿ ಕಲೆಸಿ ತೆಗೆದರೆ ಅದು ಮೋಸವಲ್ಲ. ಆದರೂ ನನಗೆ ಒಪ್ಪಿಗೆಯಿಲ್ಲ. ಒಬ್ಬನೇ ಕೂತು ತೆಗೆದ ಎಲೆ ಇಷ್ಟವಾಗದಿದ್ದರೆ ಇನ್ನೊಮ್ಮೆ ತೆಗೆಯುವ ಆಸೆ ಬರುತ್ತದೆ, ತಡೆಯಲು ಯಾರೂ ಇರುವುದಿಲ್ಲ. ನಾನು ಕಂಡುಕೊಂಡ ದಾರಿ ಇಷ್ಟು: ಕಣಿಯ ದೃಶ್ಯವನ್ನು ಒಂದು ರಾತ್ರಿಯ ಕೊನೆಗೆ ಇಟ್ಟು, ಅಲ್ಲಿಗೇ ಆಟ ನಿಲ್ಲಿಸಿ ಮನೆಗೆ ಹೋಗುವುದು. ಮುಂದಿನ ಶನಿವಾರಕ್ಕೆ ಒಂದು ವಾರ ಇರುತ್ತದೆ.

ಹೋದ ವರ್ಷ ಮತ್ತೆ ಅದೇ ಆಟ ಹೂಡಿದೆವು, ಮೂವರು ಹಳಬರು, ಇಬ್ಬರು ಹೊಸಬರು. ಒಮ್ಮೆ ಆಡಿದವರೂ ಇದನ್ನು ಮತ್ತೆ ಆಡಬಹುದು, ಕತ್ತಿ ಈ ಸಲ ಬೇರೆಡೆ ಇರುತ್ತದಲ್ಲ. ಎಂ.ಎ. ಮುಗಿಸಿದ್ದ ಆ ಹುಡುಗಿ ಒಂದು ಷರತ್ತಿನ ಮೇಲೆ ಬಂದಳು: ಎಲೆ ಕಲೆಸುವುದು ತಾನು, ತಿರುಗಿಸುವುದೂ ತಾನೇ. ನಾನು ಕೈ ಕಟ್ಟಿ ಕೂತೆ. ಮೂರನೆಯ ಎಲೆ ಕತ್ತಿಯನ್ನು ತೋರಿಸಿದ್ದು ಬೆಟ್ಟದಂಚಿನ ಒಂಟಿ ಗಾಳಿಗಿರಣಿಯಲ್ಲಿ.

ಆ ಪುಸ್ತಕ ಬಲ್ಲವರಿಗೆ ಇದರ ಅರ್ಥ ತಿಳಿಯುತ್ತದೆ. ಆ ಗಿರಣಿಯಲ್ಲಿ ಮೂವರು ಮಾಟಗಾತಿಯರು ಮಕ್ಕಳ ಎಲುಬು ಬೀಸಿ ಸಿಹಿ ಕಡುಬಿನಂಥ ತಿಂಡಿ ಮಾಡಿ ಊರೂರಿಗೆ ಮಾರುತ್ತಾರೆ, ತಿಂದವರಿಗೆ ಸವಿಗನಸು. ಇನ್ನೂ ಬಲಿಯದ ಪಾತ್ರಗಳು ಅಲ್ಲಿಗೆ ಹೋದರೆ ಬದುಕಿ ಬರುವುದು ಕಷ್ಟ. ನಾನು ಜೋಡಿಸುವುದಾಗಿದ್ದರೆ ಕತ್ತಿಯನ್ನು ಅಲ್ಲಿ ಇಡುತ್ತಲೇ ಇರಲಿಲ್ಲ. ಆ ವಾರವೆಲ್ಲ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅವರು ಹೋಗದಿರಲಿ ಎಂದು ಹಾರೈಸಿದೆ, ಸುಳಿವು ಕೊಡಬಾರದೆಂದು ನಾಲಿಗೆ ಕಚ್ಚಿಕೊಂಡೆ. ಅವರು ಮೂರು ಶನಿವಾರ ವಾದ ಮಾಡಿ, ನಾಲ್ಕನೆಯ ಶನಿವಾರ ಹೋದರು. ಇಬ್ಬರ ಪಾತ್ರ ಸತ್ತವು. ಉಳಿದ ಮೂವರು ಕತ್ತಿ ಹಿಡಿದು, ಗಿರಣಿಯಲ್ಲಿ ಸಿಕ್ಕ ಇಬ್ಬರು ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಬೆಟ್ಟ ಇಳಿದರು. ಮಾಟಗಾತಿಯರ ದಾಳ ಉರುಳಿಸುವಾಗ ನನ್ನ ಕೈ ನಡುಗುತ್ತಿದ್ದದ್ದನ್ನು ನೋಡಿ ಹೊಸಬರಲ್ಲೊಬ್ಬ, “ಯಾಕೆ, ನಿಮಗೂ ಭಯಾನಾ?” ಎಂದ.

ಎಲ್ಲವೂ ಚೆನ್ನಾಗಿ ಆಯಿತು ಎಂದು ಹೇಳಲಾರೆ. ನಾಲ್ಕನೆಯ ಎಲೆ ತಂದ ಸಹಾಯಕನನ್ನು ನಿಭಾಯಿಸಲು ನನಗೆ ಬರಲಿಲ್ಲ, ಅವನು ಇದ್ದೂ ಇಲ್ಲದಂತಾದ. ಕತ್ತಿ ಇಷ್ಟು ಬೇಗ ಸಿಕ್ಕಿದ್ದರಿಂದ ನಡುವಿನ ಎರಡು ತಿಂಗಳು ಆಟ ಸೊರಗಿತು. ಸತ್ತ ಪಾತ್ರದ ಒಬ್ಬಾತ ಮೂರು ವಾರ ಮುನಿಸಿಕೊಂಡು ಬರಲೇ ಇಲ್ಲ. ಅವನು ಮುನಿದದ್ದು ಗಿರಣಿಗೆ ಹೋಗೋಣ ಎಂದು ಹಟ ಹಿಡಿದವರ ಮೇಲೆ. ನನ್ನ ಮೇಲೆ ಮುನಿಯಲು ಅವನಿಗೆ ಕಾರಣ ಸಿಗಲಿಲ್ಲ, ಹುಡುಕಿದ ಎಂದು ಕೇಳಿದ್ದೇನೆ.

ಆಟ ಇನ್ನೂ ಮುಗಿದಿಲ್ಲ. ಐದನೆಯ ಎಲೆಯ ಫೋಟೊ ಎಲ್ಲರ ಮೊಬೈಲಿನಲ್ಲೂ ಇದೆ. ಕಟ್ಟು ಈಗ ಅವಳ ಮನೆಯಲ್ಲೇ ಇರುತ್ತದೆ.